ಹಸಿ ಗೋಡೆಗೆ ಹೇಳಿದ ಮಾತು

ಗಾರೆ ಕೇಳಿಸಿಕೊಳ್ಳುತ್ತದೆ ಎಂದು ಊರಿಗೆಲ್ಲ ಗೊತ್ತಾದ ವರ್ಷ ಜನ ತಮ್ಮ ಮನೆಯ ಗೋಡೆಗಳನ್ನು ತಾವೇ ಒಡೆಯತೊಡಗಿದರು. ಬೆಳಗಾದರೆ ಧಾರವಾಡದ ನಮ್ಮ ಪ್ರಯೋಗಾಲಯದ ಗೇಟಿನ ಮುಂದೆ ಸಾಲು. ಹಳೆಯ ಸೀರೆಯಲ್ಲೋ ಗೋಣಿಚೀಲದಲ್ಲೋ ಸುತ್ತಿದ ಗೋಡೆಯ ಚೂರನ್ನು ಕೂಸಿನ ಹಾಗೆ ಎತ್ತಿಕೊಂಡು ನಿಂತಿರುತ್ತಿದ್ದರು. ಎಲ್ಲರಿಗೂ ಸತ್ತವರ ದನಿ ಬೇಕಿತ್ತು.

ವಿಷಯ ಇಷ್ಟೆ. ಸಿಮೆಂಟು ಗಟ್ಟಿಯಾಗುವಾಗ ಅದರೊಳಗೆ ಸೂಜಿಯಂಥ ಹರಳುಗಳು ಬೆಳೆಯುತ್ತವೆ. ಆ ಕೆಲವು ಗಂಟೆಗಳಲ್ಲಿ ಹತ್ತಿರದಲ್ಲಿ ದೊಡ್ಡ ಸದ್ದಾದರೆ ಆ ಸೂಜಿಗಳು ಕೂದಲೆಳೆಯಷ್ಟು ವಾಲಿಕೊಂಡು ಹಾಗೆಯೇ ಗಟ್ಟಿಯಾಗಿಬಿಡುತ್ತವೆ. ಗಾರೆ ಹೊರಗಿನಿಂದ ಒಳಕ್ಕೆ ಒಣಗುವುದರಿಂದ ಹೊರಪದರದಲ್ಲಿ ಮೊದಲ ಸದ್ದು, ಒಳಪದರದಲ್ಲಿ ಆಮೇಲಿನದು. ನಮ್ಮ ಪದರಯಂತ್ರ ಒಂದೊಂದೇ ಪದರವನ್ನು ಬೆಳಕಿನ ಕಿರಣದಿಂದ ಸುಟ್ಟು, ಅದು ಆವಿಯಾಗುವ ಹೊತ್ತಿಗೆ ಹೊಮ್ಮುವ ಹೊಳಪನ್ನು ಓದಿ ಸದ್ದಾಗಿ ಮಾರ್ಪಡಿಸುತ್ತದೆ. ಓದಿದ ಪದರ ಹೋಯಿತೆಂದರೆ ಹೋಯಿತು. ಗೋಡೆಯಿಂದ ಎರಡನೇ ಸಲ ಓದುವ ಮಾತೇ ಇಲ್ಲ, ಉಳಿಯುವುದು ನಾವು ಇಟ್ಟುಕೊಂಡ ದಾಖಲೆ ಮಾತ್ರ.

ಪತ್ರಿಕೆಗಳು ಇದನ್ನೆಲ್ಲ ಬರೆದವು, ಆದರೆ ಒಂದನ್ನು ಬರೆಯಲಿಲ್ಲ. ಗಾರೆಗೆ ಮೆಲುದನಿ ಕೇಳಿಸುವುದಿಲ್ಲ. ಅಜ್ಜಿಯ ಜೋಗುಳ ಬೇಕೆಂದು ಬಂದವರಿಗೆ ಪಕ್ಕದ ಮನೆಯ ಗಿರಣಿಯ ಸದ್ದು ಸಿಗುತ್ತಿತ್ತು. ಗಂಡನ ದನಿ ಬೇಕೆಂದು ನವಲಗುಂದದಿಂದ ಬಸ್ಸಿನಲ್ಲಿ ಗೋಡೆ ತಂದ ಹೆಂಗಸಿಗೆ ಆ ಮನೆ ಕಟ್ಟುವಾಗ ಅವನು ಗೌಂಡಿಯ ಜೊತೆ ಆಡಿದ ಜಗಳ ಸಿಕ್ಕಿತು. ಅದೂ ಬಯ್ಗುಳದ ಭಾಗ ಮಾತ್ರ. ಆಕೆ ಅದನ್ನೇ ನಾಲ್ಕು ಸಲ ಹಾಕಿಸಿಕೊಂಡು ಕೇಳಿ, ಕಣ್ಣೊರೆಸಿಕೊಂಡು, "ಅವರ ಅದಾರ ನೋಡ್ರಿ, ಹಿಂಗ ಮಾತಾಡ್ತಿದ್ರು" ಎಂದು ನಗುತ್ತ ಹೋದಳು. ಉಳಿದವರು ಬರಿಗೈಯಲ್ಲಿ, ಒಡೆದ ಗೋಡೆಯ ಮನೆಗೆ ಮರಳಿದರು.

ಈ ಸಾಲಿನಲ್ಲಿ ಒಂದು ದಿನ ಚನ್ನವೀರಪ್ಪ ಕಾಕಾ ನಿಂತಿದ್ದರು. ಕೈಯಲ್ಲಿ ಗೋಡೆಯ ಚೂರಿರಲಿಲ್ಲ, ಒಂದು ಸಣ್ಣ ಚರ್ಮದ ಚೀಲವಿತ್ತು. ನಾನು ಅವರನ್ನು ಕಂಡು ಹದಿನೈದು ವರ್ಷವಾಗಿತ್ತು. ಕಂಡ ಕೂಡಲೇ ಅಡಗಿಕೊಳ್ಳಬೇಕೆನಿಸಿತು.

"ಮೈಲಾರಿ, ನೀ ಇಲ್ಲೇ ಅದೀ ಅಂತ ಪೇಪರಿನ್ಯಾಗ ನೋಡಿದೆ" ಎಂದರು. "ಆ ಟಾಕಿ ಇನ್ನೂ ಹಂಗ ಐತಿ ಅಂತಲ್ಲೋ. ಗಬ್ಬೂರು ದಾಟಿ, ನೀವು ಬಡೀತಿದ್ರೆಲ್ಲ, ಆ ನೀರಿನ ಟಾಕಿ."

ಅವರು ಕೇಳಲು ಬಂದದ್ದೇನೆಂದು ಅಷ್ಟರಲ್ಲೇ ತಿಳಿಯಿತು. ಚನ್ನವೀರಪ್ಪ ಹಡಪದ ಹಳೇ ಹುಬ್ಬಳ್ಳಿಯಲ್ಲಿ ಕಟಿಂಗ್ ಅಂಗಡಿ ಇಟ್ಟವರು. ಅವರ ಒಬ್ಬಳೇ ಮಗಳು ಇಂಚರ. ನಮ್ಮ ಬ್ಯಾಂಡಿನಲ್ಲಿ ಹಾಡುತ್ತಿದ್ದವಳು, ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಹಾಡುತ್ತಿದ್ದಳು ಎಂದರೆ ಕೇಳಿದವರು ಒಪ್ಪುತ್ತಿರಲಿಲ್ಲ. ನಮ್ಮ ಬ್ಯಾಂಡಿನ ಹೆಸರು 'ತಗಡು'. ಮೂರೇ ಜನ. ಅನ್ವರ್ ಗಿಟಾರಿನ ತಂತಿಗಳನ್ನು ಜೋಲಾಗುವಷ್ಟು ಸಡಿಲಿಸಿ ಅವುಗಳ ಮೇಲೆ ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡು ಎಳೆಯುತ್ತಿದ್ದ. ನಾನು ಕೂಲರಿನ ಡಬ್ಬಿ, ಡಾಂಬರಿನ ಪೀಪಾಯಿ, ಒಂದು ಮುರಿದ ಟ್ರಂಕು ಬಡಿಯುತ್ತಿದ್ದೆ. ಇಂಚರ ಎಣ್ಣೆ ಡಬ್ಬಿಯೊಳಗೆ ಮುಖವಿಟ್ಟು ಚೀರುತ್ತಿದ್ದಳು. ಚೀರುವುದು ಸಾಕೆನಿಸಿದಾಗ ಅಪ್ಪನ ಕೂದಲು ಕತ್ತರಿಸುವ ಹಳೆಯ ಮಷಿನ್ನನ್ನು, ವೈರಿದ್ದ ಗುಂಯ್‌ಗುಡುವ ಆ ಭಾರದ ಮಷಿನ್ನನ್ನು, ಡಬ್ಬಿಯ ಅಂಚಿಗೆ ಹಿಡಿದು ನಡುಗಿಸುತ್ತಿದ್ದಳು. ಇಂಚರ ಎಂದು ಹೆಸರಿಟ್ಟ ತಪ್ಪಿಗೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಚನ್ನವೀರಪ್ಪ ಕಾಕಾ ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದರಂತೆ. ನಮ್ಮ ದೊಡ್ಡ ಕಾರ್ಯಕ್ರಮಕ್ಕೆ ಹನ್ನೊಂದು ಜನ ಬಂದಿದ್ದರು. ಅವರಲ್ಲಿ ಇಬ್ಬರು ಬಯ್ಯಲು ಬಂದ ನೆರೆಯವರು.

ನಮಗೆ ಎರಡು ನಿಯಮಗಳಿದ್ದವು, ಎರಡೂ ಇಂಚರ ಮಾಡಿದವು. ಒಂದು, ಧ್ವನಿಮುದ್ರಣ ಇಲ್ಲ. ಕೇಳಬೇಕೆಂದವರು ಬಂದು ಕೇಳಬೇಕು, ತಪ್ಪಿಸಿಕೊಂಡವರಿಗೆ ತಪ್ಪಿತು. ಎರಡು, ಬಾರಿಸುವಾಗ ಒಬ್ಬರಿಗೊಬ್ಬರು ಬೆನ್ನು ಮಾಡಿ ಗೋಡೆಗೆ ಮುಖವಿಟ್ಟು ನಿಲ್ಲಬೇಕು. "ಮಾರಿ ನೋಡಿದ್ರ ಒಬ್ರಿಗೊಬ್ರು ಹೊಂದ್ಕೋತೀವಿ. ಹೊಂದ್ಕೊಂಡ್ವಿ ಅಂದ್ರ ಮುಗೀತು, ಮದುವಿ ಮನಿ ಬ್ಯಾಂಡ್ ಆಗ್ತೀವಿ" ಎನ್ನುತ್ತಿದ್ದಳು. ನಾವು ಹುಡುಗರು, ಅದನ್ನು ವೇದವಾಕ್ಯದಂತೆ ಪಾಲಿಸಿದೆವು.

ಹಾಗಾಗಿ ಅವಳು ಹೋದ ಮೇಲೆ ಅವಳ ದನಿಯ ಒಂದು ತುಣುಕೂ ಎಲ್ಲಿಯೂ ಉಳಿಯಲಿಲ್ಲ.

ಕಾಕಾ ಅವರನ್ನು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಡಿಸಿದೆ. ಅವರು ಬಸಿಯಲ್ಲಿ ಸುರಿದುಕೊಂಡು ಕುಡಿದು, ಬಸಿಯನ್ನು ಕೆಳಗಿಟ್ಟು ಮಾತು ತೆಗೆದರು.

"ಕೊನೀ ಸಲ ನೀವು ಟಾಕಿಯಾಗ ಬಾರಿಸಿದ್ದು ಮಂಗಳವಾರ. ನೆನಪೈತಿ? ಮಂಗಳವಾರ ನನ್ನ ಅಂಗಡಿ ಬಂದ್. ಆಕಿ ಬೆಳಿಗ್ಗೆ ನನ್ನ ಕೈ ಹಿಡದು, 'ಅಪ್ಪಾ, ಇವತ್ತು ನೀ ಬರಾಕ ಬೇಕು, ಅಲ್ಲಿ ನಿನಗ ಒಂದು ಮಾತು ಹೇಳೋದೈತಿ' ಅಂದ್ಲು. ದನಿ ಎಲ್ಲಿತ್ತು, ಬರೇ ಉಸುರು. ನಾ ಹೋಗಲಿಲ್ಲ."

"ಯಾಕ್ರೀ ಕಾಕಾ?"

ಅವರು ಆ ಪ್ರಶ್ನೆಯನ್ನು ದಾಟಿ ಮುಂದೆ ಹೋದರು. "ಮುಂದ ಗಂಟಲದ ಆಪರೇಶನ್ ಆತು. ಆ ಪಿಸುದನೀನೂ ಹೋತು. ಒಂದು ವರ್ಷ ಇದ್ಲು. ದಿನಾ ಕೇಳಿದೆ, ಅವತ್ತು ಏನ್ ಹೇಳಿದಿ ಬರದು ಕೊಡವಾ ಅಂತ. ತಲಿ ಅಲ್ಲಾಡಸತಿದ್ಲು. ಒಂದ್ಸಲ ಪಾಟಿ ಮ್ಯಾಲೆ ಬರದ್ಲು, 'ಹೇಳೀನಿ. ಬಂದಿದ್ರ ಕೇಳತಿದ್ದಿ.' ಅಷ್ಟ."

ಅದು ಸಿಟ್ಟಲ್ಲ, ಅವಳ ನಿಯಮ. ಒಮ್ಮೆ ಬಾರಿಸಿದ್ದನ್ನು ಅವಳು ಮತ್ತೆ ಬಾರಿಸುತ್ತಿರಲಿಲ್ಲ. ನನಗದು ಗೊತ್ತಿತ್ತು, ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಇಪ್ಪತ್ತು ವರ್ಷದಿಂದ ಅವರು ಅದನ್ನು ಮುನಿಸೆಂದೇ ತಿಳಿದಿದ್ದರು.

"ಆ ಮಾತು ಆ ಗ್ವಾಡ್ಯಾಗ ಐತೇನೋ ತಮ್ಮಾ?" ಎಂದು ಕೇಳಿದರು.

ಇರಬಹುದಿತ್ತು. ಆ ಟ್ಯಾಂಕು ಎಂದೂ ಏಳದ ಒಂದು ಲೇಔಟಿಗಾಗಿ ನೆಲದೊಳಗೆ ಕಟ್ಟಿದ್ದು. ಅನ್ವರನ ಮಾಮಾ ಅಲ್ಲಿ ಗೌಂಡಿ. ಆ ಮಂಗಳವಾರ ಬೆಳಿಗ್ಗೆ ಒಳಗೋಡೆಗೆ ಗಾರೆ ಹಚ್ಚಿ ಅವರು ಊಟಕ್ಕೆ ಹೋಗಿದ್ದರು. ಹಸಿ ಗೋಡೆ ಸದ್ದನ್ನು ನುಂಗುತ್ತದೆ, ಪ್ರತಿಧ್ವನಿ ಇರುವುದಿಲ್ಲ, ಅದನ್ನು ಕೇಳಿ ನೋಡೋಣ ಎಂದು ಇಳಿದೆವು. ಎರಡು ತಾಸು ಬಡಿದೆವು. ಆಮೇಲೆ ಆ ಟ್ಯಾಂಕಿಗೆ ಒಂದು ಕೊಡ ನೀರೂ ಬರಲಿಲ್ಲ, ಹಾಗಾಗಿ ಗಾರೆ ನೆನೆದು ಹಾಳಾಗುವ ಪ್ರಶ್ನೆಯೂ ಬರಲಿಲ್ಲ. ಗಾರೆಗೆ ಕೇಳುವಷ್ಟು ಗದ್ದಲ ಮಾಡಿದವರು ಈ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾವೇ.

"ನೋಡೋಣ್ರಿ ಕಾಕಾ" ಎಂದೆ. ಅವಳೆಂದರೆ ನನಗೆ ಪ್ರಾಣ, ಅದನ್ನು ಅವಳಿಗೆ ಹೇಳಿರಲಿಲ್ಲ. ಆ ದನಿ ಕಾಕಾ ಅವರಿಗೆ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು.

ಎದ್ದು ಹೊರಡುವಾಗ ಅವರು ಚರ್ಮದ ಚೀಲ ಬಿಚ್ಚಿದರು. ಒಳಗೆ ಆ ಹಳೆಯ ಮಷಿನ್ ಇತ್ತು. ವೈರಿಗೆ ಹೊಸ ಪಿನ್ನು ಹಾಕಿಸಿದ್ದರು.

"ಇದನ್ನ ಅವತ್ತು ಆಕಿ ಒಯ್ದಿದ್ಲು. ನಿಮಗ ಉಪಯೋಗ ಆದೀತು ಅಂತ ತಂದೆ. ಇದರ ದನೀನ ನೀವು ಒಮ್ಮೆ..."

"ಅಯ್ಯೋ ಕಾಕಾ, ಇಂಥವನ್ನ ಒಳಗ ತರಬಾರದು" ಎಂದು ನಾನೇ ಅವರ ಮಾತು ಕತ್ತರಿಸಿದೆ. "ಇಲ್ಲಿ ಒಂದು ಫ್ಯಾನ್ ತಿರುಗಿದ್ರೂ ಯಂತ್ರಕ್ಕ ತೊಂದ್ರಿ. ಮನ್ಯಾಗ ಇಟ್ಟುಬಿಡ್ರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ನಿನಗ ಗೊತ್ತಿರತೈತಿ ಬಿಡಪಾ, ಕಲ್ತಾಂವ ನೀ" ಎಂದು ಚೀಲದ ಬಾಯಿ ಕಟ್ಟಿದರು.

ಮರುದಿನ ಟ್ಯಾಂಕಿಗೆ ಇಳಿದೆ. ಮರದ ಬೇರುಗಳು ತಳ್ಳಿ ಗಾರೆಯ ಬಹುಪಾಲು ಉದುರಿಹೋಗಿತ್ತು. ಪೂರ್ವದ ಗೋಡೆಯಲ್ಲಿ, ಅವಳು ಮುಖವಿಟ್ಟು ನಿಲ್ಲುತ್ತಿದ್ದ ಕಡೆ, ಪತ್ರಿಕೆಯ ಹಾಳೆಯಷ್ಟು ತುಂಡು ಮಾತ್ರ ಗಟ್ಟಿಯಾಗಿ ನಿಂತಿತ್ತು. ಅದರ ಅಂಚಿನಲ್ಲಿ ಅವಳ ಅಂಗೈಯ ಗುರುತಿತ್ತು, ಹಸಿ ಗಾರೆಗೆ ಕೈಯೂರಿ ನಿಂತಿದ್ದಳೆಂದು ಕಾಣುತ್ತದೆ. ನಾನು ಅಲ್ಲೇ ಕುಳಿತು ಅತ್ತೆ. ಆಮೇಲೆ ಆ ತುಂಡನ್ನು ಕೊಯ್ದು ತಂದೆ.

ಇನ್ನು ಜರಡಿಯ ವಿಷಯ ಹೇಳಬೇಕು. ನಮ್ಮ ಯಂತ್ರದ ಪಂಪುಗಳು, ದೀಪಗಳು, ಗೋಡೆಯೊಳಗಿನ ವೈರುಗಳು ಎಲ್ಲವೂ ಕರೆಂಟಿನ ತಾಳಕ್ಕೆ ಗುಂಯ್‌ಗುಡುತ್ತವೆ. ಕರೆಂಟು ಸೆಕೆಂಡಿಗೆ ಐವತ್ತು ಸಲ ತೂಗುತ್ತದೆ, ಅದರಿಂದ ಹುಟ್ಟುವ ಸದ್ದು ಐವತ್ತು, ನೂರು, ನೂರೈವತ್ತು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಗಾರೆಯ ಸದ್ದು ಅದರ ಮುಂದೆ ಇರುವೆಯ ಹೆಜ್ಜೆ. ಆದ್ದರಿಂದ ಸದ್ದನ್ನು ಹಿಗ್ಗಿಸುವ ಮೊದಲೇ ಆ ಮೆಟ್ಟಿಲುಗಳನ್ನೆಲ್ಲ ಸೋಸಿ ಬಿಸಾಡುವ ಒಂದು ಜರಡಿಯನ್ನು ಜೋಡಿಸುತ್ತೇವೆ. ಅದು ಸೋಸಿದ್ದು ದಾಖಲೆಗೇ ಬರುವುದಿಲ್ಲ. ಜರಡಿಯಿಲ್ಲದೆ ಓದಬೇಕಾದರೆ ಎಲ್ಲವನ್ನೂ ಬ್ಯಾಟರಿಗೆ ಹಾಕಿ, ಪಂಪು ನಿಲ್ಲಿಸಿ ನಿಲ್ಲಿಸಿ ಓದಬೇಕು, ಒಂದು ತುಂಡಿಗೆ ಒಂಬತ್ತು ದಿನ. ಜರಡಿ ಹಾಕಿದರೆ ಎರಡೇ ದಿನ. ನಾಲ್ಕು ವರ್ಷದಲ್ಲಿ ನಾವು ಒಮ್ಮೆಯೂ ಜರಡಿ ತೆಗೆದಿರಲಿಲ್ಲ. ಜರಡಿ ಹಾಕುವುದು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟೇ ನಮಗೆ ರೂಢಿ.

ಅನ್ವರನಿಗೆ ಫೋನ್ ಮಾಡಿದೆ. ಅವನು ಈಗ ಕಾರವಾರದಲ್ಲಿ ದೋಣಿಯ ಇಂಜಿನ್ ರಿಪೇರಿ ಮಾಡುತ್ತಾನೆ. ಸುದ್ದಿ ಹೇಳಿದೆ. ಅವನ ಹಿಂದೆ ಒಂದು ಇಂಜಿನ್ ಓಡುತ್ತಿತ್ತು.

"ಹ್ಯಾಂಗ ತೆಗೀತಿ ದನೀನ?" ಎಂದ.

"ಗದ್ದಲ ಎಲ್ಲಾ ಸೋಸಿ, ಆಕಿದಷ್ಟ ತೆಗೀತೀನಿ. ಸ್ವಚ್ಛ ಬರತೈತಿ."

"ಸ್ವಚ್ಛ?" ಅವನು ನಕ್ಕ. ಆ ಪದವನ್ನು ನಮ್ಮ ಬ್ಯಾಂಡಿನಲ್ಲಿ ಬಯ್ಗುಳದಂತೆ ಬಳಸುತ್ತಿದ್ದೆವು. "ಮೈಲಾರಿ, ಸೋಸಬ್ಯಾಡೋ. ಇದ್ದದ್ದೆಲ್ಲ ಹಂಗ ತೆಗಿ. ನಿನ್ನ ಪೀಪಾಯಿ, ನನ್ನ ಗರಗಸ, ಎಲ್ಲಾ ಕೂಡೇ ಆಕಿ ಇದ್ಲು. ಆಕೀನ್ನ ಬ್ಯಾರೆ ಮಾಡಿ ತೆಗದ್ರ ಅದು ಆಕಿ ಹ್ಯಾಂಗಾಗ್ತಾಳ?"

"ಆ ಮುದುಕಗ ಒಂದ ಮಾತು ಕೇಳಬೇಕಾಗೇತಿ ಅನ್ವರ್. ನಿನ್ನ ಗರಗಸ ಅಲ್ಲ."

"ಮಾಡಪಾ, ನಿನ್ನ ಯಂತ್ರ" ಎಂದು ಇಟ್ಟುಬಿಟ್ಟ.

ಜರಡಿಯಿಲ್ಲದೆ ಓದಲು ಒಂಬತ್ತು ದಿನ ಕೊಡಿ ಎಂದು ನಾನು ಕೇಳಬಹುದಿತ್ತು. ಮುಖ್ಯಸ್ಥೆ ಡಾಕ್ಟರ್ ಭಾಮತಿ ಇಲ್ಲವೆನ್ನುತ್ತಿರಲಿಲ್ಲ, ಒಂದು ಗುಡಿಯ ಗಾರೆಯ ಸರದಿಯನ್ನು ಮುಂದಕ್ಕೆ ಹಾಕಿದರಾಯಿತು. ಕೇಳಲಿಲ್ಲ. ನನಗೆ ಅವಸರವಿತ್ತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಿತ್ತು. ಇಪ್ಪತ್ತೊಂದು ವರ್ಷ ಮಣ್ಣಿನಡಿ ಇದ್ದ ದನಿಯನ್ನು ತೊಳೆದು ಒರೆಸಿ ಅವಳ ಅಪ್ಪನ ಕೈಯಲ್ಲಿಡುತ್ತೇನೆ ಎಂಬ ಹೆಮ್ಮೆ.

ಯಂತ್ರ ಎರಡು ದಿನ ಓಡಿತು. ಗಾಜಿನ ಆಚೆ ಅಂಗೈಯ ಗುರುತು ಪದರ ಪದರವಾಗಿ ತೆಳುವಾಗುತ್ತ ಬಂತು. ಮೊದಲ ದಿನ ಸಂಜೆಯ ಹೊತ್ತಿಗೆ ಬೆರಳುಗಳು ಹೋದವು. ಎರಡನೇ ದಿನ ಮಧ್ಯಾಹ್ನ ಪೂರ್ತಿ ಹೋಯಿತು. ಪರದೆಯ ಮೇಲೆ ಗೆರೆಗಳು ಗಿಜಿಗುಡುತ್ತಿದ್ದವು. ಸದ್ದು ಇದೆ, ಭರಪೂರ ಇದೆ. ನಾನು ಮೊದಲು ಕೇಳಲಿಲ್ಲ. ಕಾಕಾ ಬರಲಿ, ಅವರೇ ಮೊದಲು ಕೇಳಲಿ ಎಂದು ಕಾದೆ.

ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಗಡ್ಡ ನುಣ್ಣಗೆ ಬೋಳಿಸಿಕೊಂಡು ಬಂದಿದ್ದರು. ಭಾಮತಿ ಮೇಡಂ ತಾವೇ ಕುರ್ಚಿ ಎಳೆದು ಕೂರಿಸಿದರು. ನಾನು ಗುಂಡಿ ಒತ್ತಿದೆ.

ಮೊದಲು ನನ್ನ ಪೀಪಾಯಿ. ಇಪ್ಪತ್ತೆರಡರ ವಯಸ್ಸಿನ ನನ್ನ ಕೈಗಳ ಹೊಡೆತ. ಆಮೇಲೆ ಅನ್ವರನ ಗರಗಸ, ಕಿರುಗುಟ್ಟುತ್ತ, ನರಳುತ್ತ. ಯಾರೋ ಕೆಮ್ಮಿದರು. ನಾವು ಬಡಿದೆವು, ಬಡಿದೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನಾನು ಅವಳ ಚೀರಿಗಾಗಿ ಕಾಯುತ್ತಿದ್ದೆ. ಎರಡು ವಾರದಿಂದ ಅವಳು ಪಿಸುಗುಡುತ್ತಿದ್ದಳು, ಗಂಟಲು ಕಟ್ಟೈತಿ ಎಂದಿದ್ದಳು. ಟ್ಯಾಂಕಿನಲ್ಲಿ ಚೀರಲೆಂದೇ ದನಿ ಉಳಿಸಿಕೊಳ್ಳುತ್ತಿದ್ದಾಳೆ ಎಂದು ಆಗ ನಾನು ಅಂದುಕೊಂಡಿದ್ದೆ. ಕಿವಿಗೆ ಅರಳೆ ತುರುಕಿಕೊಂಡು, ಅವಳಿಗೆ ಬೆನ್ನು ಮಾಡಿ ನಿಂತವನಿಗೆ ಮತ್ತೇನು ತಿಳಿದೀತು?

ಅರ್ಧ ತಾಸಾದ ಮೇಲೆ ಗರಗಸ ನಿಂತಿತು. ನನ್ನ ಪೀಪಾಯಿಯೂ ಮೆಲ್ಲಗಾಯಿತು. ಅಲ್ಲಿ ಏನೋ ಇರಬೇಕಿತ್ತು. ಇದ್ದದ್ದು ಗಾಳಿಯ ಚೂರುಗಳು, ಗೋಡೆಗೆ ತುಟಿ ತಾಕುವಷ್ಟು ಹತ್ತಿರ ನಿಂತಿದ್ದರಿಂದ ಮಾತ್ರ ಗಾರೆಗೆ ಕೇಳಿಸಿದಂಥವು. ತುಟಿ ಬಿಚ್ಚಿದ ಸಣ್ಣ ಸದ್ದು, ಹಲ್ಲಿನ ನಡುವೆ ಉಸಿರು ಜಾರಿದ ಸದ್ದು, ನಾಲಿಗೆ ಅಂಗುಳಿಗೆ ತಾಕಿದ ಸದ್ದು. ನಡುವೆ ಖಾಲಿ. ಹೀಗೇ ಒಂದು ನಿಮಿಷ. ಆಮೇಲೆ ಮತ್ತೆ ನಾವಿಬ್ಬರೂ ಮೈಮೇಲೆ ಬಂದವರಂತೆ ಬಡಿಯತೊಡಗಿದೆವು.

ಚನ್ನವೀರಪ್ಪ ಕಾಕಾ ಕೈ ಎತ್ತಿದರು. ನಿಲ್ಲಿಸಿದೆ.

"ನನ್ನ ಮಷಿನ್ ಎಲ್ಲೈತಿ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಮಷಿನ್ ದನಿನ ಇಲ್ಲಲ್ಲೋ ಇದ್ರಾಗ. ಆಕಿ ಅದರಾಗ ಮಾತಾಡಿದ್ಲು." ಅವರು ತಮ್ಮ ಬೆರಳುಗಳನ್ನು ಗಂಟಲಿಗೆ, ಗದ್ದದ ಕೆಳಗೆ, ಒತ್ತಿ ಹಿಡಿದು ತೋರಿಸಿದರು. "ದನಿ ಹೋದ ಮ್ಯಾಲೆ ಆಕಿ ಅಂಗಡ್ಯಾಗ ಕನ್ನಡಿ ಮುಂದ ಕುಂತು ಕಲ್ತಿದ್ಲು. ಮಷಿನ್ ಇಲ್ಲಿ ಹಚ್ಚೋದು, ಬಾಯಿ ಆಡಸೋದು. ಗುಂಯ್ ಅನ್ನೋದ ಮಾತಾಗಿ ಹೊರಗ ಬರತಿತ್ತು. ಮೊದಲನೇ ಸಲ 'ಅಪ್ಪಾ' ಅಂತ ಕರದ್ಲು. ಮೂವತ್ತು ವರ್ಷ ಊರ ಮಂದಿ ತಲಿ ಮ್ಯಾಲೆ ಆಡಿಸಿದ ಮಷಿನ್, ಅದು ನನ್ನ ಮಗಳ ಗಂಟಲಿಂದ ನನ್ನ ಕರೀತು. ನನಗ ತಡಕೊಳ್ಳಾಕ ಆಗಲಿಲ್ಲ. 'ಇಡು ಅದನ್ನ ಕೆಳಗ' ಅಂತ ಬೈದೆ. ಅದಕ್ಕ ಅವತ್ತ ನಾ ಬರಲಿಲ್ಲ. ಅದನ್ನ ಮತ್ತ ನೋಡಾಕ ಆಗೋದಿಲ್ಲ ಅಂತ ಬರಲಿಲ್ಲ."

ಆ ಮಷಿನ್ ಟ್ಯಾಂಕಿನ ಬಲ್ಬಿನ ವೈರಿನಿಂದ ಓಡುತ್ತಿತ್ತು. ಕರೆಂಟಿನ ತಾಳಕ್ಕೆ, ಸೆಕೆಂಡಿಗೆ ನೂರು ಸಲ ನಡುಗುತ್ತ. ನೂರು, ಇನ್ನೂರು, ಮುನ್ನೂರು. ಅವಳ ಪ್ರತಿಯೊಂದು ಸ್ವರವೂ ಆ ಮೆಟ್ಟಿಲುಗಳ ಮೇಲೆಯೇ ನಿಂತಿತ್ತು. ನನ್ನ ಜರಡಿ ಆ ಮೆಟ್ಟಿಲುಗಳನ್ನೇ ಆರಿಸಿ ಆರಿಸಿ ಬಿಸಾಡಿತ್ತು. ಪೀಪಾಯಿ ಉಳಿಯಿತು, ಗರಗಸ ಉಳಿಯಿತು, ಕೆಮ್ಮು ಉಳಿಯಿತು. ಗದ್ದಲವೆಲ್ಲ ಉಳಿದು ಅವಳೊಬ್ಬಳೇ ಹೋದಳು.

ಗಾಜಿನ ಆಚೆ ನೋಡಿದೆ. ತಟ್ಟೆಯ ಮೇಲೆ ಬೂದಿಯೂ ಇರಲಿಲ್ಲ.

"ಕಾಕಾ, ಆ ಮಾತು ಇತ್ತು" ಎಂದೆ. ಸುಳ್ಳು ಹೇಳಬಹುದಿತ್ತು. ಗಾರೆ ಹಾಳಾಗಿತ್ತು ಎಂದಿದ್ದರೆ ಅವರು ನಂಬುತ್ತಿದ್ದರು. "ಮೊನ್ನಿ ತನಕ ಇತ್ತು. ನಾನ ಸುಟ್ಟೆ. ನೀವು ಮಷಿನ್ ತಂದಿದ್ರಿ, ನಾ ಅದನ್ನ ಹೊರಗ ಇಡಿಸಿದೆ. ಹೇಳಾಕ ಬಂದಿದ್ರಿ, ಕೇಳಲಿಲ್ಲ."

ಅವರು ತಲೆ ತಗ್ಗಿಸಿ ಕುಳಿತರು. ಬೆರಳುಗಳು ಇನ್ನೂ ಗಂಟಲ ಮೇಲೆಯೇ ಇದ್ದವು.

ಭಾಮತಿ ಮೇಡಂ ಒಳ್ಳೆಯವರು. ನನ್ನನ್ನು ಉಳಿಸಲೋ ಕಾಕಾ ಅವರನ್ನು ಸಮಾಧಾನ ಮಾಡಲೋ, ಮೆಲ್ಲಗೆ ಹೇಳಿದರು. "ಯಜಮಾನರೇ, ಇನ್ನೊಂದು ದಾರಿ ಇದೆ. ತುಟಿ, ನಾಲಿಗೆಯ ಸದ್ದುಗಳು ಉಳಿದಿವೆ. ಅದರಿಂದ ಏನು ಹೇಳಿರಬಹುದು ಅಂತ ಯಂತ್ರ ಊಹೆ ಮಾಡುತ್ತೆ. ನಿಮ್ಮ ಮಗಳ ವಯಸ್ಸು, ಊರು ಎಲ್ಲ ಕೊಟ್ಟರೆ ಅದೇ ಥರದ ದನಿಯಲ್ಲಿ ಹೇಳಿಸಬಹುದು."

ಕಾಕಾ ಆಗಲೆಂದು ತಲೆಯಾಡಿಸಿದರು. ಯಂತ್ರ ಮೂರು ಮಾತುಗಳನ್ನು ಮುಂದಿಟ್ಟಿತು. ಮೂರನ್ನೂ ಒಂದು ಹುಡುಗಿಯ ಇನಿದಾದ ದನಿ ಹೇಳಿತು. ಒಂದರಲ್ಲಿ ಅಪ್ಪನನ್ನು ಕ್ಷಮಿಸಿದ್ದಳು. ಇನ್ನೊಂದರಲ್ಲಿ ತನ್ನನ್ನು ಕ್ಷಮಿಸೆಂದು ಬೇಡಿದ್ದಳು. ಮೂರನೆಯದರಲ್ಲಿ ಅಳಬೇಡ, ನಾನು ಎಲ್ಲಿಗೂ ಹೋಗುವುದಿಲ್ಲ ಎಂದಿದ್ದಳು. ಮೂರನೆಯದನ್ನು ಕೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಆದರೂ ಎದ್ದು ನಿಂತರು.

"ಛಲೋ ಹುಡುಗಿ" ಎಂದರು. "ನಮ್ಮಾಕಿ ಅಲ್ಲ. ನಮ್ಮಾಕಿ ಇಷ್ಟು ಛಂದ ಮಾತಾಡಾಕಿ ಅಲ್ರಿ."

ಜರಡಿ ಹಾಕಿದ ಆ ದಾಖಲೆಯನ್ನೇ, ಖಾಲಿ ಜಾಗಗಳ ಸಮೇತ, ತಮ್ಮ ಫೋನಿಗೆ ಹಾಕಿಸಿಕೊಂಡು ಹೋದರು. ಅನ್ವರನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಮಂಗಳವಾರ ನಾನು ರಜೆ ಹಾಕಿ ಹಳೇ ಹುಬ್ಬಳ್ಳಿಗೆ ಹೋದೆ. ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಕಾಕಾ ಒಬ್ಬರೇ ಕತ್ತರಿಗಳಿಗೆ ಎಣ್ಣೆ ಹಚ್ಚುತ್ತಿದ್ದರು. ನನ್ನನ್ನು ನೋಡಿ ಕುರ್ಚಿಯನ್ನು ಪಂಚೆಯಿಂದ ಝಾಡಿಸಿ, "ಕೂಡ್ರು" ಎಂದರು. ಬೈಯಲು ಬಾಯಿಬಿಟ್ಟಾರು ಎಂದು ಕಾದೆ. ಅವರು ನನ್ನ ಹೆಗಲಿಗೆ ಬಟ್ಟೆ ಹೊದಿಸಿದರು.

"ಕೂದಲ ಎಷ್ಟ ಬಿಟ್ಟೀಯೋ. ಆಕಿ ಇದ್ದಿದ್ರ ನಗತಿದ್ಲು."

ಕತ್ತರಿ ಆಡಿತು. ಮುಗಿದ ಮೇಲೆ ಅವರು ಫೋನನ್ನು ಕನ್ನಡಿಯ ಮುಂದಿನ ಹಲಗೆಯ ಮೇಲಿಟ್ಟು ಆ ದಾಖಲೆಯನ್ನು ಹಚ್ಚಿದರು. ನನ್ನ ಪೀಪಾಯಿ, ಅನ್ವರನ ಗರಗಸ, ಆ ಸಣ್ಣ ಅಂಗಡಿಯ ಸೀಸೆಗಳೆಲ್ಲ ನಡುಗಿದವು. ಅವರು ಅದನ್ನು ಎಷ್ಟು ಸಲ ಕೇಳಿದ್ದರೋ, ಖಾಲಿ ಜಾಗ ಬರುವುದು ಯಾವಾಗೆಂದು ಅವರಿಗೆ ಬಾಯಿಪಾಠವಾಗಿತ್ತು. ಗರಗಸ ನಿಲ್ಲುವ ಹೊತ್ತಿಗೆ ಡ್ರಾಯರ್ ಎಳೆದು ಹಳೆಯ ಮಷಿನ್ ತೆಗೆದು, ಪಿನ್ನು ಚುಚ್ಚಿ, ಹಚ್ಚಿದರು.

ಗುಂಯ್ ಎಂಬ ಆ ಸದ್ದು ಅಂಗಡಿಯನ್ನು ತುಂಬಿತು. ಇಪ್ಪತ್ತೊಂದು ವರ್ಷದ ಮೇಲೆ ಮೊದಲ ಸಲ ನಮ್ಮ ಬ್ಯಾಂಡು ನಮ್ಮ ಬ್ಯಾಂಡಿನ ಹಾಗೆ ಕೇಳಿಸಿತು. ತುಟಿಯ ಆ ಸಣ್ಣ ಸದ್ದುಗಳು ಗುಂಯ್‌ಗೆ ಸೇರಿಕೊಂಡು ಇನ್ನೇನು ಮಾತಾಗುತ್ತವೆ ಎನಿಸಿತು. ಆಗಲಿಲ್ಲ. ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ಅವಳ ನಿಯಮದಂತೆ ಯಾರ ಮುಖವನ್ನೂ ನೋಡಬಾರದೆಂದಲ್ಲ, ಕನ್ನಡಿಯಲ್ಲಿ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಮೇಲೆ ಗುಂಯ್ ಬದಲಾಯಿತು. ಮಂದವಾಗಿ, ಒಳಗಿನಿಂದ ಬಂದಂತೆ. ಕಣ್ಣು ತೆರೆದೆ. ಚನ್ನವೀರಪ್ಪ ಕಾಕಾ ಮಷಿನ್ನನ್ನು ತಮ್ಮ ಗಂಟಲಿಗೆ, ಗದ್ದದ ಕೆಳಗೆ, ಒತ್ತಿ ಹಿಡಿದಿದ್ದರು. ಕನ್ನಡಿಯಲ್ಲಿ ತಮ್ಮ ಬಾಯನ್ನೇ ನೋಡುತ್ತ, ಮೊದಲ ಪಾಠ ಕಲಿಯುವವರ ಹಾಗೆ ತುಟಿ ಆಡಿಸುತ್ತಿದ್ದರು. ಎರಡು ಸಲ ಬರೀ ಗೊರಗೊರ ಬಂತು. ಮೂರನೇ ಸಲ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಬಂದೀನಿ, ಇಂಚರಾ. ಬಂದೀನವಾ."

ಫೋನಿನಲ್ಲಿ ನಾನು ಮತ್ತು ಅನ್ವರ್ ಮತ್ತೆ ಬಡಿಯತೊಡಗಿದೆವು. ಅವರು ಮಷಿನ್ ಆರಿಸಿ, ಅದರ ಹಲ್ಲಿಗೆ ಊದಿ, ಡ್ರಾಯರಿನೊಳಗೆ ಇಟ್ಟರು. ಆ ಅಂಗಡಿಯ ಗೋಡೆಗಳ ಗಾರೆ ಒಣಗಿ ಐವತ್ತು ವರ್ಷದ ಮೇಲಾಗಿತ್ತು.